ಗ್ಯಾಂಬಿಯಾ: ನದಿಯ ಎರಡು ದಡಗಳ ದಿನಚರಿ

ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿರುವ ಗ್ಯಾಂಬಿಯಾ ಆ ಖಂಡದ ಮುಖ್ಯ ಭೂಭಾಗದ ದೇಶಗಳಲ್ಲೆಲ್ಲ ಚಿಕ್ಕದು. ವಿಸ್ತೀರ್ಣ ಸುಮಾರು 11,300 ಚದರ ಕಿ.ಮೀ.; ಜನಸಂಖ್ಯೆ 2013ರ ಗಣತಿಯಲ್ಲಿ 18 ಲಕ್ಷ ದಾಟಿತ್ತು, ಈಗ 24 ಲಕ್ಷದ ಆಸುಪಾಸು. ಒಂದು ಕಡೆ ಅಟ್ಲಾಂಟಿಕ್ ಸಾಗರ, ಉಳಿದ ಮೂರು ಕಡೆ ಸೆನೆಗಲ್. ಗಿನಿಯ ಫೂಟಾ ಜಾಲನ್ ಬೆಟ್ಟಗಳಲ್ಲಿ ಹುಟ್ಟಿ ಸುಮಾರು 1,100 ಕಿ.ಮೀ. ಹರಿದು ಕಡಲು ಸೇರುವ ಗ್ಯಾಂಬಿಯಾ ನದಿಯ ಕೊನೆಯ ಭಾಗಕ್ಕೆ ಎರಡೂ ಬದಿಯಲ್ಲಿ ಒಂದೊಂದು ಪಟ್ಟಿ ನೆಲ ಅಂಟಿಸಿದರೆ ಎಷ್ಟಾಗುತ್ತದೋ ಅಷ್ಟೇ ಈ ದೇಶ. ಉದ್ದ ನೂರಾರು ಕಿ.ಮೀ. ಇದ್ದರೂ ಅಗಲ ಬಹುತೇಕ ಕಡೆ 50 ಕಿ.ಮೀ. ಮುಟ್ಟುವುದಿಲ್ಲ. ದೇಶದ ಬಾವುಟದ ನಡುವೆ ಹರಿಯುವ ನೀಲಿ ಪಟ್ಟಿಯೂ ಈ ನದಿಯೇ.

ಬ್ರಿಟಿಷರ ಹಡಗೊಂದು ನದಿಯುದ್ದಕ್ಕೂ ಸಾಗುತ್ತ ಎಡಕ್ಕೂ ಬಲಕ್ಕೂ ಫಿರಂಗಿ ಹಾರಿಸಿತು, ಗುಂಡು ಬಿದ್ದಲ್ಲಿ ಗಡಿಕಲ್ಲು ನೆಟ್ಟರು ಎಂದು ಅಲ್ಲಿ ಒಂದು ಕತೆ ಹೇಳುತ್ತಾರೆ. ಕತೆ ಸೊಗಸಾಗಿದೆ, ನಿಜವಲ್ಲ. ಗಡಿಯನ್ನು 1889ರಲ್ಲಿ ಪ್ಯಾರಿಸ್ಸಿನಲ್ಲಿ ಬ್ರಿಟಿಷರೂ ಫ್ರೆಂಚರೂ ಕುಳಿತು ಕಾಗದದ ಮೇಲೆ ಎಳೆದರು. ಎಳೆದವರು ನದಿಯನ್ನು ನೋಡಿದರೇ ಹೊರತು ಊರುಗಳನ್ನಲ್ಲ. ಹೀಗಾಗಿ ಅಣ್ಣನ ಮನೆ ಇಂಗ್ಲಿಷ್ ಕಲಿಸುವ ದೇಶದಲ್ಲಿ, ತಮ್ಮನ ಮನೆ ಫ್ರೆಂಚ್ ಕಲಿಸುವ ದೇಶದಲ್ಲಿ ಉಳಿಯಿತು. ಸೆನೆಗಲ್ಲಿನ ದಕ್ಷಿಣದ ಕಾಸಮಾನ್ಸ್ ಪ್ರದೇಶ ತನ್ನದೇ ರಾಜಧಾನಿ ಡಾಕಾರ್‌ನಿಂದ ಕಡಿದುಹೋಗಿ, ನಡುವೆ ಗ್ಯಾಂಬಿಯಾ ಅಡ್ಡ ಬಿದ್ದುಕೊಂಡಿತು. 1965ರ ಫೆಬ್ರವರಿ 18ರಂದು ದೇಶ ಸ್ವತಂತ್ರವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬ್ರಿಟಿಷರ ಎಡಬದಿ ಸಂಚಾರ ಬಿಟ್ಟು ನೆರೆಯವರಂತೆ ಬಲಬದಿಗೆ ಹೊರಳಿತು. 1982ರಲ್ಲಿ ಎರಡೂ ದೇಶಗಳು ಸೆನೆಗ್ಯಾಂಬಿಯಾ ಎಂಬ ಒಕ್ಕೂಟವನ್ನೇ ಕಟ್ಟಿ ನೋಡಿದವು. ಏಳು ವರ್ಷ ಬಾಳಿ ಅದು ಮುರಿದುಬಿತ್ತು.

ದೇಶ ಕಿರಿದು ಎಂದು ಪ್ರಯಾಣವೂ ಕಿರಿದಾಗಿರಬೇಕೆಂದು ಲೆಕ್ಕ ಹಾಕಿ ಬಂದವರು ಮೊದಲ ದಿನವೇ ಮೋಸಹೋಗುತ್ತಾರೆ. ರಾಜಧಾನಿ ಬಂಜುಲ್ ನದಿಯ ಬಾಯಲ್ಲಿ, ದಕ್ಷಿಣ ದಡಕ್ಕೆ ತಾಗಿದ ಒಂದು ದ್ವೀಪದ ಮೇಲಿದೆ. ಎದುರು ದಡದ ಬಾರಾ ಊರು ಕಣ್ಣಿಗೆ ಕಾಣುತ್ತದೆ. ನಡುವೆ ಇರುವುದು ಐದಾರು ಕಿ.ಮೀ. ನೀರು. ದಾಟುವುದಕ್ಕೆ ಒಂದು ಗಂಟೆಯೂ ಹಿಡಿಯಬಹುದು, ಅರ್ಧ ದಿನವೂ ಹಿಡಿಯಬಹುದು. ಫೆರಿ ಎಂದೇ ಎಲ್ಲರೂ ಕರೆಯುವ ದೊಡ್ಡ ದೋಣಿಗೆ ಮೊದಲು ಲಾರಿಗಳು, ಕಾರುಗಳು ಹತ್ತಬೇಕು. ಅವುಗಳ ಸಂದುಗೊಂದುಗಳಲ್ಲಿ ಆಡು, ಕುರಿ, ಕೋಳಿ, ಈರುಳ್ಳಿ ಮೂಟೆ, ಅಕ್ಕಿ ಚೀಲ, ಬಟ್ಟೆಯ ಗಂಟು ಹೊತ್ತ ಹೆಂಗಸರು, ಶಾಲೆಯ ಹುಡುಗರು ತುಂಬಿಕೊಳ್ಳುತ್ತಾರೆ. ಎಂಜಿನ್ ಕೆಟ್ಟರೆ ದಡದ ಮೇಲೆ ಸಾಲು ಬೆಳೆಯುತ್ತದೆ, ಸಾಲಿನ ಪಕ್ಕ ಒಂದು ಸಂತೆಯೂ ಬೆಳೆಯುತ್ತದೆ.

ಕಾಯಲಾರದವರಿಗೆ ಪಿರೋಗ್ ಇದೆ: ಬಣ್ಣ ಬಳಿದ, ಉದ್ದನೆಯ ಮರದ ದೋಣಿ. ಅದು ದಡಕ್ಕೆ ತಾಗುವುದಿಲ್ಲ. ಮೊಣಕಾಲು, ಸೊಂಟದವರೆಗಿನ ನೀರಿನಲ್ಲಿ ನಿಂತಿರುತ್ತದೆ. ಅಲ್ಲಿಗೆ ಮುಟ್ಟಿಸಲೆಂದೇ ಗಟ್ಟಿಮುಟ್ಟಾದ ಹುಡುಗರು ದಡದಲ್ಲಿರುತ್ತಾರೆ. ಅಲ್ಲಿನ ನಾಣ್ಯವಾದ ದಲಾಸಿ ಒಂದಿಷ್ಟು ಕೊಟ್ಟರೆ ಪ್ರಯಾಣಿಕನನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗಿಳಿಯುತ್ತಾರೆ. ಇಸ್ತ್ರಿ ಮಾಡಿದ ಅಂಗಿಯ ಗುಮಾಸ್ತ, ಜರಿಯಂಚಿನ ಉಡುಪಿನ ಅಜ್ಜಿ, ಕಂಕುಳಲ್ಲಿ ಕೋಳಿ ಅವುಚಿಕೊಂಡ ವ್ಯಾಪಾರಿ, ಎಲ್ಲರೂ ಹೀಗೆ ಹೆಗಲೇರಿ ದೋಣಿ ಸೇರುವುದು ಅಲ್ಲಿ ಯಾರಿಗೂ ನಗೆಪಾಟಲಲ್ಲ. ಹೊಸಬರು ಮಾತ್ರ ಎಲ್ಲಿ ಹಿಡಿದುಕೊಳ್ಳಬೇಕೆಂದು ತಿಳಿಯದೆ ಹೊತ್ತವನ ತಲೆಯನ್ನೇ ತಬ್ಬಿಕೊಳ್ಳುತ್ತಾರೆ.

ನದಿಗೆ ಅಡ್ಡಲಾಗಿ ದೊಡ್ಡ ಸೇತುವೆ ಬರಲು 2019ರ ಜನವರಿಯವರೆಗೆ ಕಾಯಬೇಕಾಯಿತು. ಒಳನಾಡಿನ ಫರಾಫೆನ್ನಿ ಮತ್ತು ಸೋಮಾ ಪಟ್ಟಣಗಳ ನಡುವೆ, ಬಂಬಾತೆಂಡಾ–ಯೆಲಿತೆಂಡಾ ದಾಟುಗಟ್ಟೆಯಲ್ಲಿ ಕಟ್ಟಿದ ಈ ಸೆನೆಗ್ಯಾಂಬಿಯಾ ಸೇತುವೆಯ ಉದ್ದ 942 ಮೀಟರ್. ಡಾಕಾರ್‌ನಿಂದ ಕಾಸಮಾನ್ಸ್‌ಗೆ ಹೋಗುವ ಲಾರಿಗಳು ಅಲ್ಲಿ ಫೆರಿಗಾಗಿ ದಿನಗಟ್ಟಲೆ ಕಾಯುತ್ತಿದ್ದವು. ಈಗ ಕೆಲವೇ ನಿಮಿಷಗಳಲ್ಲಿ ದಾಟುತ್ತವೆ. ನದಿಯ ಬಾಯಲ್ಲಿರುವ ಬಂಜುಲ್–ಬಾರಾ ದಾರಿಗೆ ಮಾತ್ರ ಫೆರಿಯೇ ಗತಿಯಾಗಿ ಉಳಿಯಿತು.

ರಸ್ತೆಯ ಮೇಲಿನ ರಾಜ ಗೆಲೆಗೆಲೆ. ಯುರೋಪಿನಲ್ಲಿ ಸರಕು ಸಾಗಿಸಿ ಸವೆದ ವ್ಯಾನು ಇಲ್ಲಿ ಮರುಜನ್ಮ ಪಡೆದು, ಬೆಂಚು, ಮಡಚುವ ಸೀಟು, ಮೇಲೆ ಕಬ್ಬಿಣದ ಜಾಲರಿ ಹಾಕಿಸಿಕೊಂಡು ಪ್ರಯಾಣಿಕರ ಗಾಡಿಯಾಗುತ್ತದೆ. ಕಂಡಕ್ಟರನನ್ನು ಅಪ್ರೆಂಟಿಸ್ ಎನ್ನುತ್ತಾರೆ. ಆತ ಹಿಂಬಾಗಿಲ ಏಣಿಗೆ ಜೋತು ಬಿದ್ದು ಊರಿನ ಹೆಸರು ಕೂಗುತ್ತ, ಗಾಡಿಯ ಮೈಗೆ ಬಡಿದು ಚಾಲಕನಿಗೆ ನಿಲ್ಲು, ಹೊರಡು ಎಂದು ತಿಳಿಸುತ್ತಾನೆ. ಹೊರಡುವ ಹೊತ್ತು ಎಂಬುದು ಇಲ್ಲ. ಗಾಡಿ ತುಂಬಿದಾಗ ಹೊರಡುತ್ತದೆ. ಬೆಳಿಗ್ಗೆ ಏಳಕ್ಕೆ ಬಂದು ಮೊದಲ ಸೀಟು ಹಿಡಿದವನೂ ಹತ್ತಕ್ಕೆ ಬಂದು ಕೊನೆಯ ಸೀಟಿಗೆ ತೂರಿಕೊಂಡವನೂ ಹೊರಡುವುದು ಒಟ್ಟಿಗೇ. ಅನುಭವಸ್ಥರು ತುಂಬಾ ಬೇಗ ಹೋಗುವುದಿಲ್ಲ. ಬಕ್ರೀದಿಗೆ ಅಲ್ಲಿನವರ ಹೆಸರು ತೊಬಾಸ್ಕಿ. ಅದರ ಹಿಂದಿನ ವಾರ ಗಾಡಿಯ ನೆತ್ತಿಯ ಮೇಲೆ ಕಟ್ಟಿದ ಕುರಿಗಳೂ ಊರಿಗೆ ಹೊರಟಿರುತ್ತವೆ.

ಪಟ್ಟಣದೊಳಗೆ ಹಳದಿ ಬಣ್ಣಕ್ಕೆ ಹಸಿರು ಪಟ್ಟಿ ಬಳಿದ ಶೇರ್ ಟ್ಯಾಕ್ಸಿಗಳು ಓಡುತ್ತವೆ. ಒಂದು ದಾರಿಗೆ ಇಂತಿಷ್ಟು ಎಂದು ದರ, ಸಿಕ್ಕಲ್ಲಿ ಹತ್ತುವುದು, ಬೇಕಾದಲ್ಲಿ ಇಳಿಯುವುದು. ಒಬ್ಬನೇ ಇಡೀ ಕಾರು ಹಿಡಿದರೆ ಅದು ‘ಟೌನ್ ಟ್ರಿಪ್’, ದರ ಹಲವು ಪಟ್ಟು. ಸೆರೆಕುಂದಾ ಊರಿನ ವೆಸ್ಟ್‌ಫೀಲ್ಡ್ ಕೂಡುದಾರಿಯಲ್ಲಿ ಸಂಜೆ ಐದರ ಮೇಲೆ ನಿಂತರೆ ಇಡೀ ದೇಶ ಮನೆಗೆ ಹೊರಟಂತೆ ಕಾಣುತ್ತದೆ. ಆ ಭಾವನೆ ಪೂರ್ತಿ ಸುಳ್ಳೂ ಅಲ್ಲ. ರಾಜಧಾನಿ ಬಂಜುಲ್‌ನಲ್ಲಿ 2013ರಲ್ಲಿ ವಾಸವಾಗಿದ್ದವರು ಸುಮಾರು 31 ಸಾವಿರ ಮಂದಿ ಮಾತ್ರ, ಸೆರೆಕುಂದಾ ಸೇರಿದ ಕನಿಫಿಂಗ್ ನಗರ ಪ್ರದೇಶದಲ್ಲಿ ಅದರ ಹನ್ನೆರಡು ಪಟ್ಟು. ಕಚೇರಿಗಳು ದ್ವೀಪದಲ್ಲಿ, ಮನೆಗಳು ಆಚೆ. ದಿನವೂ ಬೆಳಿಗ್ಗೆ ಜನ ಡೆಂಟನ್ ಸೇತುವೆ ದಾಟಿ ರಾಜಧಾನಿಗೆ ಬರುತ್ತಾರೆ, ಸಂಜೆ ಅದನ್ನು ಬರಿದು ಮಾಡಿ ಹೋಗುತ್ತಾರೆ.

ಗ್ಯಾಂಬಿಯಾದ ಗಡಿಯಾರ ಗ್ರೀನಿಚ್ ಕಾಲಮಾನದಲ್ಲಿ ನಡೆಯುತ್ತದೆ. ಜಿಎಂಟಿ ಅಂದರೆ ‘ಗ್ಯಾಂಬಿಯಾ ಮೇಬಿ ಟೈಮ್’ ಎಂದು ಅಲ್ಲಿನವರೇ ನಗುತ್ತಾರೆ. ಆದರೆ ಈ ನಿಧಾನಕ್ಕೆ ಸೋಮಾರಿತನ ಎಂದು ಹೆಸರಿಡುವುದು ಪ್ರವಾಸಿಗರ ಅವಸರದ ಮಾತು. ಅದರ ದೊಡ್ಡ ಪಾಲು ಹೋಗುವುದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದಕ್ಕೆ. ಅಂಗಡಿಗೆ ಹೋಗಿ ನೇರವಾಗಿ ‘ಸೋಪು ಕೊಡಿ’ ಎಂದರೆ ಅದು ಒರಟುತನ. ಮೊದಲು ಸಲಾಮು, ಆಮೇಲೆ ಕುಶಲ. ಮಂಡಿಂಕಾ ಭಾಷೆಯಲ್ಲಿ ‘ಸುಮೋಲು ಲೇ?’ ಎಂದು ಕೇಳುತ್ತಾರೆ: ಮನೆಯವರೆಲ್ಲಿ? ಉತ್ತರ ‘ಇ ಬೇ ಜೇ’: ಅಲ್ಲೇ ಇದ್ದಾರೆ. ಅಲ್ಲೇ ಇದ್ದಾರೆ ಎಂದರೆ ಎಲ್ಲರೂ ಸುಖವಾಗಿದ್ದಾರೆ ಎಂದು ಅರ್ಥ. ಕೆಲಸ ಹೇಗೆ, ದಿನ ಹೇಗೆ ಎಂದರೆ ‘ಕಾಯಿರಾ ದೊರೊಂಗ್’, ಬರೀ ನೆಮ್ಮದಿ. ಮನೆಯಲ್ಲಿ ಜ್ವರದ ಮಗು ಮಲಗಿದ್ದರೂ ಮೊದಲ ಸುತ್ತಿನಲ್ಲಿ ಬರುವುದು ಇದೇ ಉತ್ತರ. ಕಷ್ಟದ ಮಾತು ಆಮೇಲೆ. ನಡುನಡುವೆ ಎದುರಿನವರ ಮನೆತನದ ಹೆಸರನ್ನು ಎರಡು ಮೂರು ಬಾರಿ ಹೇಳುವುದು ಮರ್ಯಾದೆ.

ಮಂಡಿಂಕಾ, ಫುಲಾ, ವೊಲೋಫ್, ಜೋಲಾ, ಸೆರಾಹುಲೆ, ಸೆರೇರ್, ಮಂಜಾಗೋ, ಬಂಜುಲ್‌ನ ಅಕು ಜನ, ಇಷ್ಟೂ ಸಮುದಾಯಗಳು ಇಷ್ಟು ಕಿರಿದಾದ ಜಾಗದಲ್ಲಿ ಒತ್ತೊತ್ತಾಗಿವೆ. ಮಂಡಿಂಕರ ಸಂಖ್ಯೆ ಹೆಚ್ಚು. ಬಂಜುಲ್ ಸುತ್ತಿನ ಬೀದಿಭಾಷೆ ವೊಲೋಫ್. ಶಾಲೆ, ಕಚೇರಿಗೆ ಇಂಗ್ಲಿಷ್. ಮೂರು ನಾಲ್ಕು ಭಾಷೆ ಆಡದ ವ್ಯಾಪಾರಿ ಸಿಗುವುದು ಕಷ್ಟ. ಇಷ್ಟು ಜನ ಒಟ್ಟಿಗಿದ್ದೂ ಸಮುದಾಯಗಳ ನಡುವೆ ದೊಡ್ಡ ಕಾದಾಟ ಆಗದಿರುವುದಕ್ಕೆ ಅಲ್ಲಿನವರು ಕೊಡುವ ಕಾರಣಗಳಲ್ಲಿ ಒಂದು ಹಾಸ್ಯದ ನಂಟು. ಕೆಲವು ಮನೆತನಗಳು, ಕೆಲವು ಸಮುದಾಯಗಳು ಪರಸ್ಪರ ಕೀಟಲೆಯ ಬಂಧುಗಳು. ಜೋಲಾ ಹುಡುಗ ಸೆರೇರ್ ಹುಡುಗನನ್ನು ‘ನೀನು ನಮ್ಮ ಮನೆಯ ಆಳು, ಹೊಟ್ಟೆಬಾಕ’ ಎಂದು ನಡುಬೀದಿಯಲ್ಲಿ ಬೈಯಬಹುದು. ಬೈಸಿಕೊಂಡವನು ಅದಕ್ಕಿಂತ ಜೋರಾಗಿ ತಿರುಗಿ ಬೈದು ನಗಬೇಕು. ಕೋಪಿಸಿಕೊಳ್ಳುವಂತಿಲ್ಲ. ಪೊಲೀಸ್ ತಪಾಸಣೆ ಕಟ್ಟೆಯಲ್ಲೂ ಈ ನಂಟು ಕೆಲಸಕ್ಕೆ ಬರುತ್ತದೆ. ಚಾಲಕನ ಮನೆತನದ ಹೆಸರು ಓದಿದೊಡನೆ ಪೇದೆಯ ಮುಖ ಸಡಿಲವಾಗುವುದುಂಟು.

ಹೆಸರಿನ ಮಾತು ಬಂದದ್ದಕ್ಕೆ: ಮೊದಲ ಗಂಡುಮಗುವಿಗೆ ಲಾಮಿನ್ ಎಂದಿಡುವ ರೂಢಿ ಎಷ್ಟು ಬಲವಾಗಿದೆಯೆಂದರೆ, ಬೀದಿಯಲ್ಲಿ ‘ಲಾಮಿನ್’ ಎಂದು ಕೂಗಿದರೆ ತಿರುಗಿ ನೋಡುವವರು ಒಬ್ಬರಿಬ್ಬರಲ್ಲ.

ಮನೆ ಎಂದರೆ ಒಂದು ಸೂರಲ್ಲ, ಒಂದು ಅಂಗಳ. ಮಂಡಿಂಕಾದಲ್ಲಿ ಅದಕ್ಕೆ ‘ಕುಂದಾ’ ಎನ್ನುತ್ತಾರೆ. ಗೋಡೆಯೋ ಬೇಲಿಯೋ ಸುತ್ತಿದ ಅಂಗಳದಲ್ಲಿ ಅಜ್ಜ, ಗಂಡುಮಕ್ಕಳು, ಸೊಸೆಯರು, ಊರಿಂದ ಓದಲು ಬಂದ ನೆಂಟರ ಹುಡುಗರು, ಬಾಡಿಗೆಯವರು; ನಡುವೆ ಬಾವಿ ಅಥವಾ ನಲ್ಲಿ, ಒಂದು ಮಾವಿನ ಮರ. ಸೆರೆಕುಂದಾ ಎಂಬ ಊರ ಹೆಸರಿನಲ್ಲೂ ಇರುವುದು ಇದೇ ಕುಂದಾ: ಸಯೆರ್ ಎಂಬ ಹಿರಿಯನ ಅಂಗಳ. ಹಳ್ಳಿಯಲ್ಲಿ ದೊಡ್ಡ ಮರದ ಬುಡಕ್ಕೆ ಮರದ ದಿಮ್ಮಿಗಳನ್ನು ಜೋಡಿಸಿ ಮಾಡಿದ ಅಟ್ಟಣೆ ಬಂತಬಾ. ನಮ್ಮ ಅರಳಿಕಟ್ಟೆ ಮಾಡುವ ಕೆಲಸವನ್ನೆಲ್ಲ ಅದು ಮಾಡುತ್ತದೆ: ಮಧ್ಯಾಹ್ನದ ನಿದ್ದೆ, ಜಗಳದ ಪಂಚಾಯಿತಿ, ಊರಿನ ಸುದ್ದಿ. ಅಲ್ಲಿ ಕೊನೆಯ ಮಾತು ಅಲ್ಕಾಲೊ ಎಂಬ ಊರ ಯಜಮಾನನದು. ಜಮೀನು ಕೊಳ್ಳುವುದಿದ್ದರೂ ಕಾಗದದ ಮೇಲೆ ಅವನ ಒಪ್ಪಿಗೆ ಬೇಕು.

ಮಧ್ಯಾಹ್ನದ ಊಟಕ್ಕೆ ಎಲ್ಲರ ನಡುವೆ ಒಂದೇ ದೊಡ್ಡ ಬೋಗುಣಿ ಬರುತ್ತದೆ. ಅದರ ಸುತ್ತ ಕುಕ್ಕರುಗಾಲಿನಲ್ಲಿ ಅಥವಾ ಗಿಡ್ಡ ಮಣೆಯ ಮೇಲೆ ಕುಳಿತು ಬಲಗೈಯಿಂದ ಉಣ್ಣುತ್ತಾರೆ. ಕೆಲವರು ಚಮಚ ಹಿಡಿಯುತ್ತಾರೆ. ಒಬ್ಬೊಬ್ಬರಿಗೆ ಅವರೆದುರಿನ ಭಾಗ ಮಾತ್ರ. ಪಕ್ಕದವರ ಕಡೆ ಕೈ ಚಾಚುವಂತಿಲ್ಲ, ನಡುವಿನ ಮೀನಿಗೂ ತಾನೇ ಕೈ ಹಾಕುವಂತಿಲ್ಲ. ಮನೆಯಾಕೆಯೋ ಹಿರಿಯರೋ ಮೀನನ್ನು, ಗೆಣಸನ್ನು, ಬದನೆಯನ್ನು ಮುರಿದು ಎಲ್ಲರ ಮುಂದಕ್ಕೂ ನೂಕುತ್ತಾರೆ. ಅತಿಥಿಯ ಮುಂದೆ ತುಣುಕುಗಳ ಗುಡ್ಡೆಯೇ ಬೀಳುತ್ತದೆ. ದಾರಿಹೋಕ ಇಣುಕಿದರೂ ‘ಬನ್ನಿ, ಊಟ ಮಾಡಿ’ ಎಂಬ ಕರೆ ತಪ್ಪದು.

ಬೋಗುಣಿಯಲ್ಲಿರುವುದು ಹೆಚ್ಚಿನ ದಿನ ಅನ್ನವೇ. ಬೆನಾಚಿನ್ ಎಂದರೆ ವೊಲೋಫಿನಲ್ಲಿ ‘ಒಂದೇ ಗಡಿಗೆ’. ಮೀನು, ಟೊಮೆಟೊ, ತರಕಾರಿ, ಎಣ್ಣೆ ಎಲ್ಲ ಒಂದರಲ್ಲೇ ಬೆಂದು ಅನ್ನ ಕೆಂಪಾಗುತ್ತದೆ. ದೊಮೊದಾ ಎಂಬುದು ಕಡಲೆಕಾಯಿಯನ್ನು ಅರೆದ ಗಟ್ಟಿ ಗೊಜ್ಜು. ಟೊಮೆಟೊ, ನಿಂಬೆಹುಳಿ, ಮಾಂಸದ ತುಂಡು ಹಾಕಿ ಎಣ್ಣೆ ತೇಲುವವರೆಗೆ ಕುದಿಸುತ್ತಾರೆ. ಈರುಳ್ಳಿ, ನಿಂಬೆ, ಸಾಸಿವೆಯ ಯಾಸಾ, ಬೆಂಡೆಕಾಯಿಯ ಸೂಪರ್‌ಕಂಜಾ ಉಳಿದ ದಿನಗಳಿಗೆ. ಬೆಳಗಿನ ಹೊತ್ತು ಮಣ್ಣಿನ ಒಲೆಯಲ್ಲಿ ಸೌದೆ ಹಾಕಿ ಸುಟ್ಟ ತಪಲಾಪಾ ಬ್ರೆಡ್ಡಿನೊಳಗೆ ಅಲಸಂದೆ ಹಿಟ್ಟಿನ ವಡೆ ತುಂಬಿ, ಖಾರದ ಈರುಳ್ಳಿ ಗೊಜ್ಜು ಸುರಿದು ಕೊಡುತ್ತಾರೆ. ಈ ವಡೆಯ ಹೆಸರು ಅಕರಾ. ದಕ್ಷಿಣ ಭಾರತದವರು ಮೊದಲ ತುತ್ತಿಗೇ ಗುರುತು ಹಿಡಿಯುವ ರುಚಿ ಅದು.

ಊಟ ಮುಗಿದ ಮೇಲೆ ಅತ್ತಾಯಾ. ಇದ್ದಿಲ ಒಲೆಯ ಮೇಲೆ ಒಂದು ಪುಟ್ಟ ಎನಾಮಲ್ ಕೆಟಲ್, ಎರಡು ಪುಟ್ಟ ಗಾಜಿನ ಲೋಟ, ಚೀನಾದಿಂದ ಬಂದ ಹಸಿರು ಚಹಾದ ಪೊಟ್ಟಣ, ಸಕ್ಕರೆ. ಎಲೆ ಬಹಳ ಹೊತ್ತು ಕುದಿಯಬೇಕು. ಆಮೇಲೆ ಲೋಟದಿಂದ ಲೋಟಕ್ಕೆ, ಕೈ ಎತ್ತರಕ್ಕೆತ್ತಿ, ಒಂದು ಹನಿ ಚೆಲ್ಲದೆ ಸುರಿದು ಸುರಿದು ನೊರೆ ಎಬ್ಬಿಸಬೇಕು. ಅರ್ಧ ಲೋಟ ನೊರೆಯಿಲ್ಲದ ಅತ್ತಾಯಾ ಕೊಟ್ಟವನನ್ನು ಗೆಳೆಯರು ಮರುದಿನವೂ ಹಂಗಿಸುತ್ತಾರೆ. ಎರಡೇ ಲೋಟದಲ್ಲಿ ಸರದಿಯಂತೆ ಎಲ್ಲರಿಗೂ ಕೊಡುವುದು. ಸುರ್ ಎಂದು ಸದ್ದು ಮಾಡಿ ಹೀರಿ ಲೋಟ ವಾಪಸು. ಅದೇ ಎಲೆಗೆ ಮತ್ತೆ ನೀರು, ಮತ್ತೆ ಸಕ್ಕರೆ, ಪುದೀನ. ಹೀಗೆ ಮೂರು ಸುತ್ತು: ಮೊದಲನೆಯದು ನಾಲಗೆ ಹಿಂಡುವಷ್ಟು ಕಹಿ, ಕೊನೆಯದು ಬರೀ ಸಿಹಿ. ಮುಗಿಯುವಷ್ಟರಲ್ಲಿ ಒಂದೆರಡು ಗಂಟೆ ಸರಿದಿರುತ್ತದೆ. ಕೆಲಸ ಸಿಗದ ಹುಡುಗರ ಮಧ್ಯಾಹ್ನಗಳು ಇದರಲ್ಲೇ ಕಳೆಯುತ್ತವೆ ಎಂದು ಹಿರಿಯರು ಗೊಣಗುವುದುಂಟು. ಗೊಣಗುತ್ತಲೇ ಲೋಟಕ್ಕೆ ಕೈ ಚಾಚುತ್ತಾರೆ.

ಮಳೆ ಜೂನ್‌ನಿಂದ ಅಕ್ಟೋಬರ್‌ವರೆಗೆ. ಉಳಿದ ತಿಂಗಳುಗಳಲ್ಲಿ ಒಂದು ಹನಿಯೂ ಬೀಳುವುದು ಅಪರೂಪ. ಚಳಿಗಾಲದಲ್ಲಿ ಸಹಾರಾದಿಂದ ಬೀಸುವ ಹರ್ಮಟಾನ್ ಗಾಳಿ ತುಟಿ ಒಡೆಸಿ ಬಟ್ಟೆಗೆ ಕೆಂಧೂಳು ಹಚ್ಚುತ್ತದೆ. ಹಳ್ಳಿಯಲ್ಲಿ ಕಡಲೆಕಾಯಿ ಮತ್ತು ಕಿರುಧಾನ್ಯ ಗಂಡಸರ ಹೊಲ, ಜೌಗಿನ ಭತ್ತ ಹೆಂಗಸರ ಗದ್ದೆ ಎಂಬುದು ಹಳೆಯ ಹಂಚಿಕೆ. ಕಳೆದ ವರ್ಷದ ಕಣಜ ಖಾಲಿಯಾಗಿ ಹೊಸ ಬೆಳೆ ಇನ್ನೂ ಹಸಿಯಾಗಿರುವ ಜುಲೈ–ಸೆಪ್ಟೆಂಬರ್ ನಡುವಿನ ದಿನಗಳಿಗೆ ಹಸಿವಿನ ಕಾಲ ಎಂದೇ ಹೆಸರು. ಹೊಲದಲ್ಲಿ ಮೈಮುರಿಯುವ ದುಡಿಮೆ ಇರುವುದೂ ಆಗಲೇ, ಮಲೇರಿಯಾ ಹೆಚ್ಚುವುದೂ ಆಗಲೇ. ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿ ಕೆನೆಬಾ ಎಂಬ ಹಳ್ಳಿಯಲ್ಲಿ ದಶಕಗಳಿಂದ ಹುಟ್ಟು, ಸಾವು, ಮಕ್ಕಳ ತೂಕವನ್ನು ಬರೆದಿಡುತ್ತ ಬಂದಿದೆ. ಹಸಿವಿನ ಕಾಲದಲ್ಲಿ ಹುಟ್ಟಿದವರು ಪ್ರಾಯಕ್ಕೆ ಬಂದ ಮೇಲೂ ಅಕಾಲದಲ್ಲಿ ಸಾಯುವ ಸಂಭವ ಹೆಚ್ಚು ಎಂಬುದು ಆ ಪುಸ್ತಕಗಳಿಂದ ಹೊರಬಿದ್ದ ಸಂಗತಿ. ಕೀಟನಾಶಕದಲ್ಲಿ ಅದ್ದಿದ ಸೊಳ್ಳೆಪರದೆ ಮಕ್ಕಳ ಜೀವ ಉಳಿಸುತ್ತದೆಂದು ತೋರಿಸಿದ ಮೊದಲ ದೊಡ್ಡ ಪ್ರಯೋಗಗಳಲ್ಲೂ ಗ್ಯಾಂಬಿಯಾದ ಹಳ್ಳಿಗಳಿದ್ದವು.

ಬಂಜುಲ್ ಬಳಿಯ ತಾನ್ಬಿ ಕಾಂಡ್ಲಾ ಕಾಡಿನಲ್ಲಿ ಇನ್ನೊಂದು ದುಡಿಮೆ. ಇಳಿತದ ಹೊತ್ತಿಗೆ ಹೆಂಗಸರು ಕಿರುದೋಣಿಯಲ್ಲಿ ಹೋಗಿ, ಸೊಂಟದುದ್ದ ಕೆಸರಿನಲ್ಲಿ ನಿಂತು, ಮರದ ಬೇರುಗಳಿಗೆ ಕಚ್ಚಿಕೊಂಡ ಮಳಿ ಚಿಪ್ಪುಗಳನ್ನು ಕತ್ತಿಯಿಂದ ಬಿಡಿಸುತ್ತಾರೆ. ಹಿಂದೆ ಬೇರನ್ನೇ ಕಡಿದು ತರುತ್ತಿದ್ದರು; ಕಾಡೂ ಸವೆಯಿತು, ಚಿಪ್ಪೂ ಕಿರಿದಾಯಿತು. 2007ರಲ್ಲಿ ಕಟ್ಟಿಕೊಂಡ ‘ಟ್ರೈ’ ಎಂಬ ಮಳಿ ಹೆಂಗಸರ ಸಂಘ ಬೇರು ಕಡಿಯಬಾರದೆಂದೂ, ವರ್ಷದಲ್ಲಿ ಕೆಲವು ತಿಂಗಳು ಕೈ ಹಾಕಬಾರದೆಂದೂ ತಾನೇ ಕಟ್ಟಳೆ ಮಾಡಿಕೊಂಡಿತು. ಬೇಯಿಸಿದ ಮಳಿಯನ್ನು ಡೆಂಟನ್ ಸೇತುವೆಯ ಬದಿಯಲ್ಲಿ ಡಬ್ಬಿಯ ಅಳತೆಯಲ್ಲಿ ಮಾರುತ್ತಾರೆ.

ವಾರದ ಸಂತೆಗೆ ಲೂಮೊ ಎಂದು ಹೆಸರು. ಒಂದೊಂದು ಊರಿಗೆ ಒಂದೊಂದು ವಾರ. ಫರಾಫೆನ್ನಿಯ ಭಾನುವಾರದ ಲೂಮೊಗೆ ಸೆನೆಗಲ್ಲಿನವರು, ಮೌರಿಟೇನಿಯದವರು, ಗಿನಿಯವರು ಬರುತ್ತಾರೆ. ದಲಾಸಿಯಷ್ಟೇ ಸಲೀಸಾಗಿ ಸೆನೆಗಲ್ಲಿನ ಫ್ರಾಂಕೂ ಓಡುತ್ತದೆ. ದಲಾಸಿ ಬಂದದ್ದು 1971ರಲ್ಲಿ, ಗ್ಯಾಂಬಿಯನ್ ಪೌಂಡಿನ ಜಾಗಕ್ಕೆ. ದೊಡ್ಡ ವ್ಯವಹಾರದಲ್ಲಿ ಕಡಲೆಕಾಯಿಯ ಜೊತೆಗೆ ಗೇರುಬೀಜವೂ ಸೇರಿದೆ. ಬಂಜುಲ್ ಬಂದರಿನಿಂದ ಹೊರಡುವ ಹಸಿ ಗೇರುಬೀಜದ ಒಳ್ಳೆಯ ಪಾಲು ಭಾರತಕ್ಕೆ ಬರುತ್ತದೆ. ಮಂಗಳೂರು, ಕಾರ್ಕಳದ ಕಾರ್ಖಾನೆಗಳು ಊರಿನ ಬೆಳೆ ಸಾಲದೆ ಪಶ್ಚಿಮ ಆಫ್ರಿಕದ ಬೀಜವನ್ನು ತರಿಸಿಕೊಳ್ಳುವುದು ಹಳೆಯ ಪರಿಪಾಠ.

ಭಾರತದ ಇನ್ನೊಂದು ನಂಟು ಕಹಿಯಾದದ್ದು. ಗ್ಯಾಂಬಿಯಾದಲ್ಲಿ ಸಾಮಾನ್ಯ ಜ್ವರ, ಕೆಮ್ಮಿಗೆ ಕೊಳ್ಳುವ ಔಷಧಿಗಳಲ್ಲಿ ಹೆಚ್ಚಿನವು ಹೊರದೇಶದವು. 2022ರ ಅಕ್ಟೋಬರ್ 5ರಂದು ವಿಶ್ವ ಆರೋಗ್ಯ ಸಂಸ್ಥೆ, ಹರಿಯಾಣದ ಒಂದು ಕಾರ್ಖಾನೆಯಲ್ಲಿ ತಯಾರಾದ ಮಕ್ಕಳ ನಾಲ್ಕು ಸಿರಪ್‌ಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಮತ್ತು ಎಥಿಲೀನ್ ಗ್ಲೈಕಾಲ್ ಎಂಬ ವಿಷಗಳಿವೆಯೆಂದು ಎಚ್ಚರಿಸಿತು. ಮೂತ್ರಪಿಂಡ ಕೆಟ್ಟು ತೀರಿಕೊಂಡ 66 ಮಕ್ಕಳ ಸಾವಿಗೂ ಈ ಸಿರಪ್‌ಗಳಿಗೂ ಸಂಬಂಧವಿರಬಹುದೆಂದಿತು. ತನ್ನಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ದೋಷ ಸಿಗಲಿಲ್ಲವೆಂದು ಭಾರತ ಸರ್ಕಾರ ಹೇಳಿತು. ಮಕ್ಕಳನ್ನು ಕಳೆದುಕೊಂಡವರು ನ್ಯಾಯಾಲಯದ ಮೆಟ್ಟಿಲೇರಿದರು. ಅದಕ್ಕೂ ಮೂರು ವರ್ಷ ಹಿಂದೆ, 2019ರಲ್ಲಿ, ಭಾರತದ ಸಾಲದ ನೆರವಿನಿಂದ ಕಟ್ಟಿದ ಬಂಜುಲ್‌ನ ಸಂಸತ್ ಭವನದಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಭಾಷಣ ಮಾಡಿದ್ದರು.

ನೂರಕ್ಕೆ 95ರಷ್ಟು ಜನ ಮುಸ್ಲಿಮರು. ಶುಕ್ರವಾರ ಮಧ್ಯಾಹ್ನ ಬೀದಿಗಳು ಬಿಳಿ ನಿಲುವಂಗಿಗಳಿಂದ ತುಂಬುತ್ತವೆ. ಆದರೂ ಕ್ರಿಸ್‌ಮಸ್ ಹೊತ್ತಿಗೆ ಬಂಜುಲ್‌ನಲ್ಲಿ ಕಾಗದ ಕತ್ತರಿಸಿ ಮಾಡಿದ ಹಡಗಿನಾಕಾರದ ದೊಡ್ಡ ದೀಪಗೂಡುಗಳ ಮೆರವಣಿಗೆ ಹೊರಟರೆ ಹಿಂದೆ ಹೋಗುವವರಲ್ಲಿ ಮುಸ್ಲಿಮರೂ ಇರುತ್ತಾರೆ. ಮಗು ಹುಟ್ಟಿದ ಒಂದು ವಾರಕ್ಕೆ ತಲೆ ಬೋಳಿಸಿ, ಕಿವಿಯಲ್ಲಿ ಹೆಸರು ಉಸುರಿ, ಕುರಿ ಕೊಯ್ದು, ಕೋಲಾ ಬೀಜ ಹಂಚುತ್ತಾರೆ. ನೆಂಟರ ಹೆಂಗಸರೆಲ್ಲ ಒಂದೇ ಥಾನಿನ ಬಟ್ಟೆ ಹೊಲಿಸಿಕೊಳ್ಳುವ ‘ಅಶೋಬಿ’ಯ ಖರ್ಚು ದರ್ಜಿಗಳಿಗೆ ಸುಗ್ಗಿ, ಗಂಡಂದಿರಿಗೆ ತಲೆನೋವು. ಮಂಡಿಂಕಾ ಹುಡುಗರ ದೀಕ್ಷೆಯ ದಿನಗಳಲ್ಲಿ ಕಂಕುರಂಗ್ ಬರುತ್ತಾನೆ: ಅಡಿಯಿಂದ ಮುಡಿಯವರೆಗೆ ಕೆಂಪು ಮರದ ನಾರು ಹೊದ್ದು, ಎರಡು ಮಚ್ಚುಗಳನ್ನು ಒಂದಕ್ಕೊಂದು ಬಡಿಯುತ್ತ ಅರಚುವ ವೇಷ. ಮಕ್ಕಳು ದಿಕ್ಕೆಟ್ಟು ಓಡುತ್ತಾರೆ. ಯುನೆಸ್ಕೊ 2005ರಲ್ಲಿ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿಗಳಲ್ಲಿ ಸೇರಿಸಿತು. ಎಲ್ಲ ಸಂಪ್ರದಾಯಗಳೂ ಹೀಗೆ ಮೆರೆಸುವಂಥವಲ್ಲ. ಹೆಣ್ಣುಮಕ್ಕಳ ಜನನಾಂಗ ಛೇದನವನ್ನು 2015ರಲ್ಲಿ ಕಾನೂನು ನಿಷೇಧಿಸಿತು. ಆ ನಿಷೇಧವನ್ನು ಕಿತ್ತುಹಾಕುವ ಮಸೂದೆಯನ್ನು ಸಂಸತ್ತು 2024ರ ಜುಲೈನಲ್ಲಿ ತಿರಸ್ಕರಿಸಿತು. ಮನೆಗಳೊಳಗೆ ಪದ್ಧತಿ ಇನ್ನೂ ನಿಂತಿಲ್ಲ.

ಹಾಡಿಕೆ ಜಾಲಿ ಎಂಬ ಮನೆತನಗಳ ಕಸುಬು. ಅರ್ಧ ಬುರುಡೆ ಸೋರೆಕಾಯಿಗೆ ಹಸುವಿನ ತೊಗಲು ಬಿಗಿದು, ಉದ್ದನೆಯ ಕೋಲು ತೂರಿಸಿ, 21 ತಂತಿ ಕಟ್ಟಿದರೆ ಕೋರಾ. ತಂತಿಗಳು ಹಿಂದೆ ಚರ್ಮದ್ದಾಗಿದ್ದವು, ಈಗ ಮೀನಿನ ಗಾಳದ ನೈಲಾನ್ ದಾರ. ವಾದಕ ವಾದ್ಯವನ್ನು ತನ್ನೆಡೆಗೆ ತಿರುಗಿಸಿಕೊಂಡು ಎರಡು ಹೆಬ್ಬೆರಳು, ಎರಡು ತೋರುಬೆರಳುಗಳಲ್ಲೇ ಎಲ್ಲವನ್ನೂ ನುಡಿಸುತ್ತಾನೆ. ಬ್ರಿಕಾಮಾ ಊರು ಇದಕ್ಕೆ ಹೆಸರುವಾಸಿ. ಅಲ್‌ಹಾಜಿ ಬಾಯಿ ಕೊಂತೆ ಅಲ್ಲಿಯವರು. ಶತಮಾನಗಳಿಂದ ಗಂಡಸರದೇ ಆಗಿದ್ದ ಈ ವಾದ್ಯವನ್ನು ಜಾಲಿ ಮನೆತನದ ಸೋನಾ ಜೋಬಾರ್ತೆ ಎಂಬ ಮಹಿಳೆ ಜಗತ್ತಿನ ವೇದಿಕೆಗಳಿಗೆ ಒಯ್ದಿದ್ದಾರೆ.

ಮತದಾನದಲ್ಲೂ ಈ ದೇಶದ ರೀತಿಯೇ ಬೇರೆ. ಅಕ್ಷರ ಬಲ್ಲವರು ಕಡಿಮೆಯಿದ್ದ ಕಾಲದಲ್ಲಿ, 1960ರ ದಶಕದಲ್ಲಿ, ಕಾಗದದ ಚೀಟಿಯ ಬದಲು ಗೋಲಿ ಬಂತು. ಮತಗಟ್ಟೆಯ ಮರೆಯಲ್ಲಿ ಅಭ್ಯರ್ಥಿಗೊಂದರಂತೆ ಬಣ್ಣ ಬಳಿದ ತಗಡಿನ ಡ್ರಮ್ಮು, ಮೇಲೆ ಅಭ್ಯರ್ಥಿಯ ಚಿತ್ರ. ಮತದಾರ ಒಂದು ಗಾಜಿನ ಗೋಲಿಯನ್ನು ಕೊಳವೆಯೊಳಗೆ ಬಿಟ್ಟರೆ ಅದು ಒಳಗಿನ ಗಂಟೆಗೆ ತಾಗಿ ‘ಟಿಂಗ್’ ಎನ್ನುತ್ತದೆ. ಎರಡು ಬಾರಿ ಟಿಂಗ್ ಕೇಳಿಸಿದರೆ ಕಳ್ಳಮತ. ಗಂಟೆ ದಾಟಿದ ಗೋಲಿ ಮತ್ತೆ ಸದ್ದು ಮಾಡದಿರಲೆಂದು ತಳದಲ್ಲಿ ಮರಳೋ ಮರದ ಹೊಟ್ಟೋ ಹಾಸಿರುತ್ತಾರೆ. ಸೈಕಲ್ ಗಂಟೆಯ ಸದ್ದು ಗೊಂದಲ ಮಾಡೀತೆಂದು ಮತಗಟ್ಟೆಯ ಹತ್ತಿರ ಸೈಕಲ್ಲಿಗೆ ಪ್ರವೇಶವಿಲ್ಲ. ಎಣಿಕೆಗೆ ಗುಳಿ ತೋಡಿದ ಮಣೆಗಳು. ಗುಳಿಗಳೆಲ್ಲ ತುಂಬಿದರೆ ಲೆಕ್ಕ ಎದುರಿಗೇ ಇದೆ. 1994ರಲ್ಲಿ ಸೈನ್ಯದ ಬಲದಿಂದ ಬಂದು 22 ವರ್ಷ ಆಳಿದ ಯಾಹ್ಯಾ ಜಾಮ್ಮೆ 2016ರ ಡಿಸೆಂಬರ್ 1ರಂದು ಸೋತದ್ದು ಈ ಗೋಲಿಗಳಿಗೇ. ಮೊದಲು ಸೋಲೊಪ್ಪಿ, ಆಮೇಲೆ ಮಾತು ತಿರುಗಿಸಿದಾಗ ಗೆದ್ದ ಆಡಮಾ ಬಾರೋ ಡಾಕಾರ್‌ನಲ್ಲಿದ್ದ ತಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಪ್ರಮಾಣವಚನ ತೆಗೆದುಕೊಳ್ಳಬೇಕಾಯಿತು. ನೆರೆರಾಜ್ಯಗಳ ಸೈನ್ಯ ಗಡಿ ದಾಟಿದ ಮೇಲೆ, 2017ರ ಜನವರಿ 21ರಂದು, ಜಾಮ್ಮೆ ವಿಮಾನ ಹತ್ತಿದರು. ಆತ ಸರ್ಕಾರಿ ಕಚೇರಿಗಳಿಗೆ ಕೊಟ್ಟಿದ್ದ ನಾಲ್ಕೇ ದಿನದ ವಾರವೂ ಹೋಯಿತು, ನೋಟುಗಳ ಮೇಲಿದ್ದ ಆತನ ಮುಖವೂ 2019ರಲ್ಲಿ ಹೋಯಿತು. ಹಕ್ಕಿಗಳ ಚಿತ್ರಗಳು ಉಳಿದವು.

ಆ ಹಕ್ಕಿಗಳನ್ನು ನೋಡಲೆಂದೇ ಬರುವವರಿದ್ದಾರೆ. ಇಷ್ಟು ಸಣ್ಣ ನೆಲದಲ್ಲಿ 560ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ಉಳಿದ ಪ್ರವಾಸಿಗರದು ಕಡಲತೀರ: 1965ರಲ್ಲಿ ಸ್ವೀಡನ್ನಿನ ಒಂದು ತಂಡ ಬಿಸಿಲು ಹುಡುಕಿಕೊಂಡು ಬಂದಲ್ಲಿಂದ ಶುರುವಾದ ವ್ಯವಹಾರ. ಅವರು ಇಳಿಯುವ ಯುಂದುಮ್ ವಿಮಾನ ನಿಲ್ದಾಣ ಒಂದು ಕಾಲದಲ್ಲಿ ಅಮೆರಿಕದ ಬಾಹ್ಯಾಕಾಶ ಷಟಲ್‌ಗೆ ಆಪತ್ತಿನ ವೇಳೆ ಇಳಿಯಲು ಗೊತ್ತುಮಾಡಿದ್ದ ಜಾಗವಾಗಿತ್ತು. ಷಟಲ್ ಎಂದೂ ಇಳಿಯಲಿಲ್ಲ.

ಹೋಟೆಲಿನ ಬೇಲಿ ದಾಟಿ ನದಿಯ ಮೇಲ್ಗಡೆಗೆ ಹೊರಟವರಿಗೆ ದೇಶ ಬೇರೆಯಾಗಿ ಕಾಣುತ್ತದೆ. ಉತ್ತರ ದಡದಲ್ಲಿ ಜುಫುರೆ ಮತ್ತು ಅಲ್ಬ್ರೆಡಾ, ಎದುರು ನೀರಿನ ನಡುವೆ ಕುಂಟಾ ಕಿಂಟೆ ದ್ವೀಪ. ಗುಲಾಮರ ವ್ಯಾಪಾರದ ಈ ಕೋಟೆದ್ವೀಪ 2003ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಕುಂಟಾ ಕಿಂಟೆಯನ್ನು ತನ್ನ ಪೂರ್ವಜನೆಂದು ಹೇಳಿದ ಅಲೆಕ್ಸ್ ಹೇಲಿಯ ‘ರೂಟ್ಸ್’ ಪುಸ್ತಕ 1976ರಲ್ಲಿ ಬಂದ ಮೇಲೆ ಅಮೆರಿಕದ ಕರಿಯರು ತಮ್ಮ ಬೇರು ಹುಡುಕಿ ಬರತೊಡಗಿದರು. ಹೇಲಿ ಕೊಟ್ಟ ವಂಶಾವಳಿಯನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಆದರೆ ದ್ವೀಪದ ಪಾಳುಗೋಡೆಗಳಿಗೆ ಸಾಕ್ಷಿ ಬೇಕಿಲ್ಲ. ಇನ್ನೂ ಒಳಗೆ ವಾಸು ಎಂಬಲ್ಲಿ ಕೆಂಪು ಮುರಕಲ್ಲಿನ ಕಂಬಗಳನ್ನು ವೃತ್ತಾಕಾರವಾಗಿ ನೆಟ್ಟ ಪ್ರಾಚೀನ ಸಮಾಧಿಗಳಿವೆ. ಬಂದವರು ಕಂಬದ ತಲೆಯ ಮೇಲೆ ಒಂದು ಹರಳು ಇಟ್ಟು ಹೋಗುತ್ತಾರೆ. ನದಿಯ ಬಬೂನ್ ದ್ವೀಪಗಳಲ್ಲಿ 1979ರಿಂದ ನೆಲೆಗೊಳಿಸಿದ ಚಿಂಪಾಂಜಿಗಳ ಸಂತತಿ ನೂರು ದಾಟಿದೆ. ಅಲ್ಲಿ ಮನುಷ್ಯರು ದೋಣಿಯಿಂದ ಇಳಿಯುವಂತಿಲ್ಲ.

ದಾರಿಯುದ್ದಕ್ಕೂ ಬಾವೋಬಾಬ್ ಮರಗಳು. ಹಾವೇರಿ ಜಿಲ್ಲೆಯ ಸವಣೂರಿನ ಕಲ್ಮಠದ ದೊಡ್ಡಹುಣಸೆ ಮರ ಕಂಡವರಿಗೆ ಇದು ಹೊಸದಲ್ಲ. ಅದೂ ಇದೇ ಆಫ್ರಿಕದ ಜಾತಿ. ಸವಣೂರಿನಲ್ಲಿ ಅದು ನೋಡುವ ಮರ, ಗ್ಯಾಂಬಿಯಾದಲ್ಲಿ ಬಳಸುವ ಮರ. ಕಾಯಿಯ ಹುಳಿ ತಿರುಳನ್ನು ನೀರಲ್ಲಿ ಕಿವುಚಿ ಸಕ್ಕರೆ ಹಾಕಿ ಪ್ಲಾಸ್ಟಿಕ್ ಚೀಲದಲ್ಲಿ ಮಾರುತ್ತಾರೆ. ಎಲೆಯನ್ನು ಒಣಗಿಸಿ ಪುಡಿಮಾಡಿ ಅಡುಗೆಗೆ ಲೋಳೆಯಂತೆ ಬೆರೆಸುತ್ತಾರೆ. ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಾರೆ.

ಗ್ಯಾಂಬಿಯಾದ ಅತಿ ದೂರದ ಪ್ರಯಾಣಕ್ಕೆ ‘ಬ್ಯಾಕ್ ವೇ’ ಎಂದು ಹೆಸರು, ಹಿಂಬಾಗಿಲ ದಾರಿ. ಸೆರೆಕುಂದಾದ ಅಂಗಳದಿಂದ ಮಾಲಿ, ನೈಜರ್, ಸಹಾರಾ ದಾಟಿ ಲಿಬಿಯಾ, ಅಲ್ಲಿಂದ ರಬ್ಬರ್ ದೋಣಿಯಲ್ಲಿ ಇಟಲಿ. ಇಲ್ಲವೆ ನೇರವಾಗಿ ಮೀನುಗಾರರ ಪಿರೋಗ್‌ನಲ್ಲಿ ಸ್ಪೇನಿನ ಕ್ಯಾನರಿ ದ್ವೀಪಗಳು. ಹಲವರು ದಾರಿಯಲ್ಲೇ ಮುಗಿದಿದ್ದಾರೆ. ತಲುಪಿದವರ ದುಡ್ಡಿನಿಂದ ಎಷ್ಟೋ ಅಂಗಳಗಳಲ್ಲಿ ಇಟ್ಟಿಗೆ ಗೋಡೆ ಎದ್ದಿದೆ, ‘ಕ್ಯಾಶ್ ಪವರ್’ ಎಂಬ ಮುಂಗಡ ಪಾವತಿಯ ವಿದ್ಯುತ್ ಮೀಟರಿಗೆ ಹಣ ಬೀಳುತ್ತಿದೆ, ತೊಬಾಸ್ಕಿಗೆ ಕುರಿ ಬರುತ್ತಿದೆ. ಹೊರಗಿನವರು ಕಳಿಸುವ ಹಣ ದೇಶದ ವಾರ್ಷಿಕ ಉತ್ಪನ್ನದ ಹೆಚ್ಚೂಕಡಿಮೆ ಕಾಲು ಭಾಗಕ್ಕೆ ಸಮ.

ದೂರ ಹೊರಟವರನ್ನು ಕಳಿಸಿಕೊಡುವುದಕ್ಕೆ ಅಲ್ಲೊಂದು ಪದ್ಧತಿಯಿದೆ. ಎಡಗೈಯಿಂದ ಏನನ್ನು ಕೊಟ್ಟರೂ ತೆಗೆದುಕೊಂಡರೂ ಅವಮಾನ ಎನ್ನುವ ಜನ, ಆ ದಿನ ಮಾತ್ರ ಎಡಗೈ ಮುಂದೆ ಚಾಚಿ ಕೈ ಕುಲುಕುತ್ತಾರೆ. ಬೇಕೆಂದೇ ಮಾಡುವ ತಪ್ಪು ಅದು. ಹೋದವರು ತಿರುಗಿ ಬಂದ ಮೇಲಷ್ಟೇ ಅದನ್ನು ಬಲಗೈಯಿಂದ ಸರಿಪಡಿಸಿಕೊಳ್ಳಲು ಬರುತ್ತದೆ.